ಹುಂಜ ಜಾಸ್ತಿ ಆಗಿವೆ, ಮರಿ ಬೇಡ, ಏನು ಮಾಡಲಿ?

9 ಹೇಂಟೆಗೆ 3 ಹುಂಜ ಇವೆ. ಹುಂಜಗಳು ಪದೇ ಪದೇ ಮೇಲೆ ಹತ್ತಿ ಒಂದು ಹೇಂಟೆಯ ಬೆನ್ನಲ್ಲಿ ಗರಿಯೇ ಉಳಿದಿಲ್ಲ, ಚರ್ಮ ಕೆಂಪಗೆ ಕಾಣುತ್ತಿದೆ, ನೋಡಿದರೆ ಸಂಕಟ ಆಗುತ್ತದೆ. ಹುಂಜಗಳನ್ನು ತೆಗೆದರೆ ಮೊಟ್ಟೆ ನಿಂತುಹೋಗುತ್ತಾ?

ಉತ್ತರ 1: ಖಂಡಿತ ಇಲ್ಲ. ಮೊಟ್ಟೆ ಇಡಲು ಹುಂಜ ಬೇಕಿಲ್ಲ, ಮರಿಗೆ ಮಾತ್ರ ಬೇಕು. ಮರಿ ಬೇಡ ಅಂದ್ರೆ ಮೂರನ್ನೂ ಹೇಂಟೆಗಳು ಕಾಣದ ಕಡೆ ಒಟ್ಟಿಗೆ ಇಡಿ, ಆಗ ಜಗಳವೂ ಕಡಿಮೆ. ಬೆನ್ನಿನ ಗಾಯ ಮೊದಲು ನೋಡಿ, ಬೇರೆ ಕೋಳಿಗಳು ಅದನ್ನೇ ಕುಕ್ಕುತ್ತವೆ.

ಉತ್ತರ 2: ಒಂದು ಮಾತು, ಬೇರೆ ಮಾಡಿದ ಮೇಲೂ ಸುಮಾರು 3 ವಾರ ಫಲಿತ ಮೊಟ್ಟೆ (ಕಾವು ಕೊಟ್ಟರೆ ಮರಿ ಆಗಬಲ್ಲ ಮೊಟ್ಟೆ) ಬರಬಹುದು, ಯಾಕಂದ್ರೆ ಹುಂಜದ ವೀರ್ಯ ಹೇಂಟೆಯೊಳಗೆ ಅಷ್ಟು ದಿನ ಉಳಿಯುತ್ತದೆ. ದಿನಾ ಮೊಟ್ಟೆ ತೆಗೆದು ತಣ್ಣಗೆ ಇಡಿ, ಕಾವು ಸಿಗದೆ ಮರಿ ಬೆಳೆಯಲ್ಲ. ಧಾರಾಳವಾಗಿ ತಿನ್ನಬಹುದು.

ಕೇಳಿದವರು: ತುಂಬಾ ಥ್ಯಾಂಕ್ಸ್, ಇವತ್ತೇ ಬೇರೆ ಮಾಡುತ್ತೇನೆ.