ಈ ವಾರದ ಸಮಸ್ಯೆ: ಬಿಸಿಲೇ ತಂಪೆಂದುದು ಹೂವು

ಸಂಚಾಲಕಿ:

ಗೆಳೆಯರೇ, ಈ ವಾರ ಪೂರಣಕ್ಕೆ, ಅಂದರೆ ಉಳಿದ ಸಾಲುಗಳನ್ನು ನೀವು ಕಟ್ಟಿ ಪದ್ಯ ಮುಗಿಸಲೆಂದು, ಕೊಡುತ್ತಿರುವ ಒಗಟಿನಂಥ ಸಾಲು ಇದು.

ಬಿಸಿಲೇ ತಂಪೆಂದುದು ಹೂವು

ಛಂದಸ್ಸು ಶರ ಷಟ್ಪದಿ. 1, 2, 4, 5ನೆಯ ಸಾಲುಗಳಲ್ಲಿ ನಾಲ್ಕು ಮಾತ್ರೆಯ ಎರಡೆರಡು ಗಣ. 3 ಮತ್ತು 6ನೆಯ ಸಾಲುಗಳಲ್ಲಿ ಅಂಥವೇ ಮೂರು ಗಣ, ಕೊನೆಗೊಂದು ಗುರು. ಕೊಟ್ಟಿರುವುದು ಆರನೆಯ ಸಾಲು. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಸ’; ಅದರ ಹಿಂದಿನ ಅಕ್ಷರ ಲಘು. ಎಸಳು, ಸಸಿ, ಹಸಿರು, ನಸುಕು, ಉಸಿರು, ರಸ, ಕಸಿ... ತೋಟದ ಅರ್ಧ ನಿಘಂಟು ಈ ಪ್ರಾಸದೊಳಗೇ ಕುಳಿತಿದೆ. ಪ್ರಾಸ ಸಿಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಷರತ್ತು ಒಂದೇ. ಈ ಬೇಸಗೆಯಲ್ಲಿ ನೀವೇ ನೀರೆರೆದು, ನೀವೇ ಕಣ್ಣಾರೆ ಕಂಡ ಹೂವಿನಿಂದ ಪರಿಹಾರ ಬರಬೇಕು. ಬಿಸಿಲನ್ನು ತಂಪು ಎನ್ನುವುದು ಮೇಲ್ನೋಟಕ್ಕೆ ಅಸಂಗತ. ವಿರಹಿಣಿಯನ್ನೋ ಚಂದ್ರನನ್ನೋ ಕರೆತಂದು ಮೇಜಿನ ಮುಂದೆ ಕುಳಿತೇ ಇದನ್ನು ಬಿಡಿಸಿಬಿಡಬಹುದು. ಆದರೆ ಗಿಡದ ಪಕ್ಕದಲ್ಲಿ ಕುಳಿತು ಬಿಡಿಸಿದ ಸಮಸ್ಯೆಯ ರುಚಿಯೇ ಬೇರೆ ಎಂದು ನಾನು ಬಲವಾಗಿ ನಂಬುತ್ತೇನೆ.

ಕುಂಡದೊಡೆಯ:

ಅಕ್ಕಾ, ಹೂವಿನ ವಿಷಯವಾದರೆ ಕುಸುಮ ಷಟ್ಪದಿಯನ್ನೇ ಕೊಡಬಹುದಿತ್ತಲ್ಲ? ಹೆಸರೂ ಹೊಂದುತ್ತಿತ್ತು.

ಸಂಚಾಲಕಿ:

ಕುಸುಮದ ಗಣ ಐದು ಮಾತ್ರೆಯದು. ಈ ಸಾಲು ನನಗೆ ಹೊಳೆದಾಗಲೇ ನಾಲ್ಕರ ನಡೆಯಲ್ಲಿ ಬಂತು, ಅದನ್ನು ಎಳೆದು ಐದು ಮಾಡಲು ಮನಸ್ಸಾಗಲಿಲ್ಲ. ಕುಸುಮವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ. ಷಟ್ಪದಿಗಳಲ್ಲೆಲ್ಲ ಶರವೇ ಚಿಕ್ಕದು, ಒಟ್ಟು 60 ಮಾತ್ರೆ. ಹೊಸಬರಿಗೂ ಅಂಜಿಕೆ ಬೇಡ.

ಕುಂಡದೊಡೆಯ:

ಹಾಗಾದರೆ ನನ್ನ ಟೇಬಲ್ ರೋಸ್‌ನಿಂದಲೇ ಆರಂಭವಾಗಲಿ.

ನಸುಕಲಿ ಮಲಗಿತು,
ಮುಸುಕಿದ ಮೋಡಕೆ
ಎಸಳನು ತೆರೆಯದೆ ಮುನಿದಿತ್ತು;
ಬಿಸುಪೇರಿದ ಚಣ
ನಸುನಗೆ ಬಿರಿಯುತ
ಬಿಸಿಲೇ ತಂಪೆಂದುದು ಹೂವು.

ಇದರಲ್ಲಿ ಕಲ್ಪನೆ ಏನೂ ಇಲ್ಲ, ನಡೆದದ್ದೇ ಹೀಗೆ. ಮೊನ್ನೆ ಬೆಳಗ್ಗೆ ಕುಂಡದ ತುಂಬ ಮೊಗ್ಗುಗಳಿದ್ದವು. ಇನ್ನೇನು ಅರಳುತ್ತವೆ ಎಂದು ಕುರ್ಚಿ ಹಾಕಿಕೊಂಡು ಕುಳಿತೆ. ಮೋಡ ಕವಿಯಿತು, ಒಂದೂ ಅರಳಲಿಲ್ಲ. ಗಂಟೆ ಹತ್ತು ದಾಟಿದ ಮೇಲೆ ಬಿಸಿಲು ನೇರವಾಗಿ ಬಿತ್ತು. ಒಂದು ಮೊಗ್ಗಿನ ತುದಿ ಸಡಿಲವಾಯಿತು. ಒಳಗೆ ಮಡಿಸಿಟ್ಟ ರೇಷ್ಮೆಯ ಹಾಗೆ ಎಸಳುಗಳು ಸುಕ್ಕುಸುಕ್ಕಾಗಿದ್ದವು. ನೋಡುತ್ತಿದ್ದಂತೆ ಒಂದೊಂದೇ ಸುಕ್ಕು ಬಿಡಿಸಿಕೊಂಡು, ಅಂಚು ನೇರವಾಗಿ, ನಡುವೆ ಹಳದಿ ಕೇಸರಗಳು ಎದ್ದು ನಿಂತವು. ಆ ಹೊತ್ತಿಗೆ ನನ್ನ ತಲೆ ಕಾದು ಸುಡುತ್ತಿತ್ತು. ನನಗೆ ಸುಡುವ ಆ ಬಿಸಿಲಿಗಾಗಿಯೇ ಅದು ಕಾದಿತ್ತು. ಅದರ ಎಲೆಗಳು ಸೂಜಿಯಂತೆ ಸಣ್ಣ, ಆದರೆ ದಪ್ಪ. ನೀರನ್ನು ತಮ್ಮೊಳಗೇ ಕೂಡಿಟ್ಟುಕೊಂಡಿರುತ್ತವೆ. ಹಾಗಾಗಿ ಮಣ್ಣು ಒಣಗಿದರೂ ಅದಕ್ಕೆ ಗಾಬರಿಯಿಲ್ಲ.

ಮಾತ್ರಾಗಣ:

ಸೊಗಸಾಗಿದೆ. ‘ಮುನಿದಿತ್ತು’ ಎಂಬಲ್ಲಿ ಮೊಗ್ಗಿನ ಬಿಗಿಮುಷ್ಟಿಯೇ ಕಾಣುತ್ತದೆ. ಗಣಗಳಲ್ಲಿ ಎಲ್ಲಿಯೂ ಎಡವಿಲ್ಲ.

ಮಲ್ಲಿಗೆಬಳ್ಳಿ:

ನನ್ನದು ದುಂಡುಮಲ್ಲಿಗೆ. ಚಳಿಗಾಲದಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿದ್ದೆ. ಮನೆಯವರೆಲ್ಲ, ಕೊಂದೇಬಿಟ್ಟೆಯಲ್ಲ ಎಂದು ಮರುಗಿದರು. ನನಗೂ ಒಳಗೊಳಗೆ ಅಳುಕು. ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಕುಡಿಗಳಲ್ಲಿ. ಹಳೆಯ ರೆಂಬೆಗಳನ್ನು ಹಾಗೆಯೇ ಬಿಟ್ಟರೆ ಎಲೆ ಹೆಚ್ಚುತ್ತದೆ, ಹೂ ಕಡಿಮೆಯಾಗುತ್ತದೆ. ಇದು ಗೊತ್ತಿದ್ದೂ ಕತ್ತರಿ ಹಿಡಿದಾಗ ಕೈ ನಡುಗುತ್ತದೆ. ಈಗ ಬಿಸಿಲು ಏರಿದಷ್ಟೂ ಗಿಡ ಬೆಳ್ಳಗಾಗುತ್ತಿದೆ.

ಹಸಿರನು ಸವರಿದೆ
ಹೊಸಚಿಗುರೊಡೆಯಲು,
ಉಸಿರುಳಿಯುವುದೇ ಎಂದಂಜಿ;
ಎಸೆದುದು ಮಲ್ಲಿಗೆ,
ಬಸಿದುದು ಕಂಪನು,
ಬಿಸಿಲೇ ತಂಪೆಂದುದು ಹೂವು.

ಮಾತ್ರಾಗಣ:

ಅಮ್ಮಾ, ಮೂರನೆಯ ಸಾಲಿನಲ್ಲಿ ‘ಉಳಿಯುವುದೇ ಎಂದು’ ಎಂಬಲ್ಲಿ ಎರಡು ಸ್ವರಗಳು ಎದುರುಬದುರು ನಿಂತಿವೆ. ವಿಸಂಧಿ. ‘ಉಸಿರುಳಿಯುವುದೇನೆಂದಂಜಿ’ ಎಂದರೆ ಮಾತ್ರೆಯೂ ಕೆಡುವುದಿಲ್ಲ, ಸ್ವರಗಳೂ ಬೆಸೆದುಕೊಳ್ಳುತ್ತವೆ. ಇನ್ನು ‘ಎಸೆದುದು’. ನನಗೆ ಈ ಪದ್ಯದಲ್ಲಿ ಅತಿ ಇಷ್ಟವಾದ ಮಾತು ಇದು. ಹಳೆಯ ಕಾವ್ಯದ ಅರ್ಥದಲ್ಲಿ ಮಲ್ಲಿಗೆ ಶೋಭಿಸಿತು. ಇಂದಿನ ಅರ್ಥದಲ್ಲಿ ತನ್ನಲ್ಲಿದ್ದುದನ್ನೆಲ್ಲ ಹೊರಗೆ ಎಸೆಯಿತು. ಕೂಡಲೇ ಮುಂದಿನ ಸಾಲಿನಲ್ಲಿ ಕಂಪನ್ನು ಬಸಿಯುತ್ತದೆ. ಎರಡೂ ಅರ್ಥ ಒಟ್ಟಿಗೆ ನಿಲ್ಲುತ್ತವೆ.

ಮಲ್ಲಿಗೆಬಳ್ಳಿ:

ಗುರುಗಳೇ, ನಿಮ್ಮ ತಿದ್ದುಪಡಿಯನ್ನು ಹಾಗೆಯೇ ಒಪ್ಪಿದ್ದೇನೆ. ‘ಎಸೆದುದು’ ಬರೆಯುವಾಗ ನನ್ನ ಮನಸ್ಸಿನಲ್ಲಿದ್ದುದು ಶೋಭೆ ಮಾತ್ರ. ಎರಡನೆಯ ಅರ್ಥವನ್ನು ನೀವು ತೋರಿಸಿದ ಮೇಲೆ ಸಂಜೆ ಗಿಡದ ಹತ್ತಿರ ಹೋಗಿ ನಿಂತೆ. ಮೊಗ್ಗು ಬಿರಿಯುವ ಹೊತ್ತಿಗೆ ಕಂಪು ನಿಜಕ್ಕೂ ಎಸೆದಂತೆಯೇ ಬರುತ್ತದೆ.

ಹೊಸಚಿಗುರು:

ನಾನು ಈ ಬಳಗಕ್ಕೆ ಹೊಸಬಳು, ಷಟ್ಪದಿಗೂ ಹೊಸಬಳು. ಬೀಜ ಹಾಕಿ ಬೆಳೆಸಿದ ಮೊದಲ ಗಿಡ ಸೂರ್ಯಕಾಂತಿ, ಬರೆದ ಮೊದಲ ಪೂರಣವೂ ಅದರದ್ದೇ. ತಪ್ಪಿದ್ದರೆ ದಯವಿಟ್ಟು ತಿದ್ದಿ.

ಬೇಸಗೆಯೇರಿತು,
ಹೊಸಮೊಗ ಮೂಡಣ
ದೆಸೆಯೊಳೆ ನಿಂದಿತು ಕದಲದೆಯೆ;
ಹಸಿದಿಹ ಜೇನ್ನೊಣ
ರಸಕೆನೆ ಬಂದಿತು,
ಬಿಸಿಲೇ ತಂಪೆಂದುದು ಹೂವು.

ಮಾತ್ರಾಗಣ:

ಮೊದಲ ಪ್ರಯತ್ನದಲ್ಲೇ ನಡೆ ಹೀಗೆ ಕೂಡಿಬಂದಿರುವುದು ಸಂತೋಷದ ಸಂಗತಿ. ಒಂದೇ ತೊಡಕು. ‘ಬೇಸಗೆ’ಯಲ್ಲಿ ಎರಡನೆಯ ಅಕ್ಷರ ‘ಸ’ ಹೌದು, ಆದರೆ ‘ಬೇ’ ಗುರು. ಉಳಿದ ಐದು ಸಾಲುಗಳು ಲಘುವಿನಿಂದ ಹೊರಡುತ್ತವೆ. ಪ್ರಾಸಾಕ್ಷರ ಒಂದೇ ಆದರೆ ಸಾಲದು, ಅದರ ಹಿಂದಿನ ಅಕ್ಷರದ ತೂಕವೂ ಎಲ್ಲ ಸಾಲುಗಳಲ್ಲಿ ಒಂದೇ ಆಗಿರಬೇಕು. ಗಟ್ಟಿಯಾಗಿ ಓದಿ ನೋಡಿ, ಕಿವಿಗೇ ತಿಳಿಯುತ್ತದೆ. ‘ಬಿಸುಗದಿರೇರಿತು’ ಎಂದು ಮಾಡಿಕೊಳ್ಳಿ. ಬಿಸುಗದಿರ ಎಂಬುದು ಸೂರ್ಯನಿಗೆ ನಮ್ಮ ಹಳಗನ್ನಡ ಕೊಟ್ಟ ಹೆಸರು, ಬಿಸಿಯಾದ ಕಿರಣದವನು. ಸೂರ್ಯಕಾಂತಿಯ ಪದ್ಯಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೇ?

ಕುಂಡದೊಡೆಯ:

ಆದರೆ ತಂಗೀ, ಸೂರ್ಯಕಾಂತಿ ಸೂರ್ಯನ ಜೊತೆಗೆ ತಿರುಗುತ್ತದಲ್ಲ? ‘ಕದಲದೆಯೆ’ ಎಂದರೆ ಹೇಗೆ?

ಹೊಸಚಿಗುರು:

ಅಣ್ಣಾ, ನಾನೂ ಹಾಗೆಂದೇ ತಿಳಿದಿದ್ದೆ. ತಿರುಗುವುದು ಎಳೆಯ ಗಿಡ. ಹಗಲೆಲ್ಲ ಪಡುವಣಕ್ಕೆ ವಾಲಿ, ರಾತ್ರಿಯಲ್ಲಿ ಮತ್ತೆ ಮೂಡಣಕ್ಕೆ ಮರಳುತ್ತದೆ. ಕಾಂಡದ ಒಂದು ಮಗ್ಗುಲು ಹಗಲಿನಲ್ಲಿ, ಇನ್ನೊಂದು ಮಗ್ಗುಲು ರಾತ್ರಿಯಲ್ಲಿ ಹೆಚ್ಚು ಬೆಳೆಯುವುದರಿಂದ ಈ ಓಲಾಟ. ಹೂ ಪೂರ್ತಿ ಅರಳಿ ಬೆಳವಣಿಗೆ ನಿಂತ ಮೇಲೆ ಅದು ಮೂಡಣಕ್ಕೆ ಮುಖಮಾಡಿ ನಿಂತುಬಿಡುತ್ತದೆ. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಂಡುಕೊಂಡಂತೆ, ಮೂಡಣಕ್ಕೆ ಮುಖಮಾಡಿದ ಹೂಗಳು ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತವೆ, ಅವಕ್ಕೆ ಜೇನ್ನೊಣಗಳು ಹೆಚ್ಚು ಬರುತ್ತವೆ. ನನ್ನ ಗಿಡದ ಮೇಲೂ ಬೆಳಗ್ಗೆ ಏಳೂವರೆಗೇ ನೊಣಗಳ ಓಡಾಟ ಆರಂಭವಾಗಿರುತ್ತದೆ. ನಾಲ್ಕೈದನೆಯ ಸಾಲು ಅಲ್ಲಿಂದ ಬಂದದ್ದು.

ಸಂಚಾಲಕಿ:

ಕೀಲಕ, ಅಂದರೆ ಸಮಸ್ಯೆಯನ್ನು ಬಿಡಿಸುವ ಕೀಲಿ, ಚೆನ್ನಾಗಿ ಕೂತಿದೆ. ಬಿಸಿಲು ಹೂವಿಗೆ ಅತಿಥಿಗಳನ್ನು ತಂದುಕೊಡುತ್ತದೆ, ಆದ್ದರಿಂದ ತಂಪು. ಹೊಸಬಳು ಎಂದು ಇನ್ನು ಮುಂದೆ ಹೇಳಿಕೊಳ್ಳಬೇಡಿ.

ಬೇಲಿಬಳ್ಳಿ:

ಎಲ್ಲರೂ ಹೂವನ್ನು ಹಾಡುತ್ತಿದ್ದೀರಿ. ನಾನು ಹೂವೇ ಅಲ್ಲದ ಹೂವನ್ನು ತಂದಿದ್ದೇನೆ. ನಮ್ಮ ಬೇಲಿಯ ಮೇಲೆ ಬೂಗನ್‌ವಿಲಿಯಾ ಬೆಂಕಿ ಹತ್ತಿದಂತೆ ಕೆಂಪಾಗಿದೆ.

ಹುಸಿ ಹೂವೆನುವರು,
ಎಸಳಲ್ಲೆಲೆಯಿದು,
ಹೆಸರದು ಕಾಗದಹೂವಂತೆ;
ಹಸಿನೆಲ ಬೇಡದೆ
ಕುಸಿಯದೆ ಹಬ್ಬುತ
ಬಿಸಿಲೇ ತಂಪೆಂದುದು ಹೂವು.

ಬಣ್ಣದ ಆ ಮೂರು ಹಾಳೆಗಳು ಮಾರ್ಪಟ್ಟ ಎಲೆಗಳು. ಒಂದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ, ಎಲೆಯಲ್ಲಿರುವಂತೆಯೇ ನರಗಳು ಕಾಣುತ್ತವೆ. ಒಳಗೆ ಕೊಳವೆಯಂಥ ಸಣ್ಣ ಬಿಳಿ ಹೂ ಇದೆಯಲ್ಲ, ಅದೇ ನಿಜವಾದ ಹೂ. ಇನ್ನು ಹೆಸರಿನ ಮಾತು. ಫ್ರೆಂಚ್ ನಾವಿಕ ಬೂಗನ್‌ವಿಲ್‌ನ ಭೂಪ್ರದಕ್ಷಿಣೆಯ ಯಾನದಲ್ಲಿ, 1767ರಲ್ಲಿ, ರಿಯೊ ಡಿ ಜನೈರೊ ಬಳಿ ಸಸ್ಯವಿಜ್ಞಾನಿ ಕಾಮರ್ಸನ್‌ನ ತಂಡ ಇದನ್ನು ಸಂಗ್ರಹಿಸಿತು. ಗಿಡಕ್ಕೆ ನಾವಿಕನ ಹೆಸರಾಯಿತು. ಆದರೆ ಕಾಮರ್ಸನ್‌ನ ಸಹಾಯಕನಂತೆ ಗಂಡುಡುಗೆ ತೊಟ್ಟು ಗುಡ್ಡ ಹತ್ತಿ ಇಳಿದು ಗಿಡಗಳನ್ನು ಹೊತ್ತವಳು ಜಾನ್ ಬಾರೆ ಎಂಬ ಹೆಣ್ಣುಮಗಳು. ಭೂಮಿಯನ್ನು ಸುತ್ತಿಬಂದ ಮೊದಲ ಮಹಿಳೆ ಎಂದು ಗುರುತಿಸಲಾಗುವುದು ಅವಳನ್ನೇ. ‘ಹೆಸರದು’ ಎಂದು ಬರೆಯುವಾಗ ನನಗೆ ಅವಳ ನೆನಪಾಯಿತು. ಈ ಬಳ್ಳಿಗೆ ನೀರು ಹೆಚ್ಚಾದರೆ ಹಸಿರೆಲೆ ತುಂಬುತ್ತದೆ, ಬಣ್ಣ ಕುಗ್ಗುತ್ತದೆ. ಬಿಸಿಲಿಗೆ ಒಡ್ಡಿ, ನೀರು ಹಾಕುವ ಕೈ ಬಿಗಿಹಿಡಿದರೆ ಮಾತ್ರ ಈ ಬಣ್ಣ.

ಮಾತ್ರಾಗಣ:

‘ಎಸಳಲ್ಲೆಲೆಯಿದು’ ಎಂಬ ಸಂಧಿ ಬಾಯಲ್ಲಿ ಒಂದಿಷ್ಟು ತೊಡಕುತ್ತದೆ, ಆದರೂ ತೆಗೆಯಬೇಡಿ. ಎಲೆ ಎಸಳಾಗಿ ನಟಿಸುವಾಗ ಪದಗಳೂ ಒಂದರೊಳಗೊಂದು ಹೊಕ್ಕಿರಲಿ.

ಇರುಳರಳು:

ಕ್ಷಮಿಸಿ, ನನ್ನ ಹೂವು ನಿಮ್ಮ ಸಾಲನ್ನು ಒಪ್ಪುವುದಿಲ್ಲ. ನಾನು ಬೆಳೆಸುವುದು ಸಂಜೆಮಲ್ಲಿಗೆ. ಬಿಸಿಲು ಇಳಿಯುವ ತನಕ ಅದು ಕಣ್ಣೇ ತೆರೆಯುವುದಿಲ್ಲ. ಬಿಸಿಲು ತಂಪು ಎಂದು ಅದರ ಬಾಯಲ್ಲಿ ಹೇಳಿಸುವುದು ಸುಳ್ಳಾಗುತ್ತದೆ. ಮೂರು ದಿನ ಯೋಚಿಸಿದೆ. ನಿನ್ನೆ ಸಂಜೆ ಪಕ್ಕದ ಮನೆಯ ಮಗು ಹೂವನ್ನು ಮುಟ್ಟಿ ಏನೋ ಪಿಸುಗುಟ್ಟಿತು, ದಾರಿ ಸಿಕ್ಕಿತು. ಸಾಲಿನ ಒಂದಕ್ಷರವನ್ನೂ ಬದಲಿಸಿಲ್ಲ.

ಕುಸಿದಿರೆ ನೇಸರು
ಹೊಸನಗೆ ಬೀರಿದ
ಎಸಳಿನ ಸಂಜೆಯ ಮಲ್ಲಿಗೆಯ
ಹಸುಳೆಯು ಮುಟ್ಟುತ
ಪಿಸುಗುಡೆ ಮೆಲ್ಲಗೆ
“ಬಿಸಿಲೇ?” ತಂಪೆಂದುದು ಹೂವು.

ಸಂಚಾಲಕಿ:

ಓದಿ ಎದ್ದು ನಿಂತುಬಿಟ್ಟೆ. ಒಂದು ಪ್ರಶ್ನಾರ್ಥಕ ಚಿಹ್ನೆಯಿಂದ ಸಮಸ್ಯೆ ಪೂರ್ತಿ ಕರಗಿಹೋಗಿದೆ. ಮಗು “ಬಿಸಿಲೇ?” ಎಂದು ಕೇಳುತ್ತದೆ, ಹೂವು “ತಂಪು” ಎನ್ನುತ್ತದೆ. ಉಳಿದವರು ಬಿಸಿಲಿನೊಳಗೆ ತಂಪನ್ನು ಹುಡುಕಿದರು, ನೀವು ಎರಡನ್ನೂ ಬಿಡಿಸಿ ಇಬ್ಬರ ಬಾಯಿಗೆ ಹಂಚಿದಿರಿ. ಪದವಿಭಾಗದ ಪರಿಹಾರಗಳು ಎಷ್ಟೋ ಸಲ ಬರಿಯ ಜಾಣತನದಲ್ಲಿ ನಿಲ್ಲುತ್ತವೆ. ಇಲ್ಲಿ ಆ ಮಗು ಇದೆ, ಅದರ ಬೆರಳು ಹೂವಿನ ಮೇಲಿದೆ.

ಬೇಲಿಬಳ್ಳಿ:

ಸಂಜೆಮಲ್ಲಿಗೆಯೂ ನನ್ನ ಕಾಗದಹೂವೂ ಒಂದೇ ಸಸ್ಯಕುಟುಂಬದವು, ನಿಕ್ಟಾಜಿನೇಸಿ. ಆ ಹೆಸರಿನ ಬೇರಿನಲ್ಲಿ ಗ್ರೀಕರ ‘ರಾತ್ರಿ’ ಇದೆ. ಸಂಜೆಮಲ್ಲಿಗೆಯಲ್ಲಿ ನಾವು ಎಸಳೆಂದು ನೋಡುವುದೂ ನಿಜವಾಗಿ ಪುಷ್ಪಪಾತ್ರೆ, ದಳವಲ್ಲ. ಒಬ್ಬಳು ನಡುಹಗಲಿನವಳು, ಇನ್ನೊಬ್ಬಳು ಮುಸ್ಸಂಜೆಯವಳು, ಇಬ್ಬರಿಗೂ ಎಸಳಿಲ್ಲ. ಇಂಥ ಅಕ್ಕತಂಗಿಯರು ಒಂದೇ ಸಮಸ್ಯೆಯ ಕೆಳಗೆ ಸೇರಿದ್ದು ಕಂಡು ಬಹಳ ಹಿಗ್ಗಾಯಿತು.

ಇರುಳರಳು:

ಹಾಗಾದರೆ ನನ್ನ ಮೂರನೆಯ ಸಾಲಿನ ‘ಎಸಳು’ ಸಸ್ಯಶಾಸ್ತ್ರದ ಲೆಕ್ಕಕ್ಕೆ ತಪ್ಪಾಯಿತೇ?

ಮಾತ್ರಾಗಣ:

ಮಗುವಿನ ಬೆರಳಿಗೆ ತಾಗಿದ್ದು ಎಸಳೇ. ಹಾಗೆಯೇ ಇರಲಿ.

ಸಂಚಾಲಕಿ:

ನನ್ನ ಪೂರಣ ಕೊನೆಗೆ. ದಾಸವಾಳದ ಒಂದು ಹೂವಿನ ಬಾಳು ಸಾಮಾನ್ಯವಾಗಿ ಒಂದೇ ಹಗಲು. ಬೆಳಗ್ಗೆ ಕಾಫಿ ಹಿಡಿದು ಹೋದಾಗ ಕೊಡೆಯಂತೆ ಸುತ್ತಿಕೊಂಡ ಮೊಗ್ಗು ಬಿಚ್ಚಿಕೊಳ್ಳುತ್ತಿರುತ್ತದೆ. ಸಂಜೆ ನೀರು ಹಾಕಲು ಹೋದರೆ ಅದೇ ಸುರುಳಿಯಾಗಿ ಮತ್ತೆ ಮುಚ್ಚಿಕೊಂಡಿರುತ್ತದೆ. ಕಳೆದ ವರ್ಷದ ತನಕ ನನಗೆ ಇದು ಬೇಸರದ ವಿಷಯವಾಗಿತ್ತು, ಇಷ್ಟು ಸುಡು ಬಿಸಿಲಿನಲ್ಲೇ ಅದರ ಇರುವ ಒಂದು ದಿನವೂ ಮುಗಿಯಬೇಕೇ ಎಂದು. ಈ ಬೇಸಗೆಯಲ್ಲಿ ಒಂದು ಮಧ್ಯಾಹ್ನ, ಎಲೆಗಳೆಲ್ಲ ಜೋತು ಬಿದ್ದಿದ್ದಾಗ, ಹೂವೊಂದು ಪೂರ್ತಿ ತೆರೆದ ಎದೆಯಿಂದ ಬಿಸಿಲಿಗೆ ಎದುರಾಗಿ ನಿಂತಿರುವುದನ್ನು ನೋಡಿದೆ. ಆಗ ಬರೆದದ್ದು.

ನಸುಕಲಿ ಬಿರಿಯಿತು,
ಮುಸುಕಲಿ ಮುಗಿವುದು,
ಹೆಸರಿಡುವೊಳಗೇ ಹೊರಡುವುದು;
ಬೆಸಗೊಂಡೆನು ನಾ,
“ಕಸಿದುದೆ ಬಾಳನು?”
“ಬಿಸಿಲೇ ತಂಪೆಂ”ದುದು ಹೂವು.

ಮಲ್ಲಿಗೆಬಳ್ಳಿ:

‘ಹೆಸರಿಡುವೊಳಗೇ ಹೊರಡುವುದು’. ಅಕ್ಕಾ, ಈ ಸಾಲನ್ನು ನಾನು ಬರೆದಿಟ್ಟುಕೊಂಡಿದ್ದೇನೆ.

ಮಾತ್ರಾಗಣ:

‘ಬೆಸಗೊಂಡೆನು’ ಸರಿಯಾದ ಎಡೆಯಲ್ಲಿ ಬಂದಿದೆ. ‘ಕೇಳಿದೆನು’ ಎಂದಿದ್ದರೆ ಪ್ರಾಸವೂ ಹೋಗುತ್ತಿತ್ತು, ಆ ವಿನಯವೂ ಹೋಗುತ್ತಿತ್ತು. ಮುಂದಿನ ವಾರದ ಸಮಸ್ಯೆಯನ್ನು ನಾನು ಕೊಡಬಹುದೇ? ಮಲ್ಲಿಗೆ ಸವರಿದ ಅಮ್ಮನ ಮಾತಿನಿಂದ ಹುಟ್ಟಿದ್ದು. ಕುಸುಮ ಷಟ್ಪದಿ, ಆರನೆಯ ಸಾಲು, ಪ್ರಾಸ ‘ತ್ತ’.

ಕತ್ತರಿಯ ಬಾಯೊಳಗೆ ಹೂವರಳಿತು

ಹೊಸಚಿಗುರು:

ಗುರುಗಳೇ, ಈ ಸಲ ಮೊದಲಕ್ಷರದ ತೂಕ ನೋಡಿಕೊಂಡೇ ಹೊರಟಿದ್ದೇನೆ.

ಹತ್ತಿರಕೆ ಹೋದೆನದ
ನೆತ್ತಿಯನು ಕತ್ತರಿಸೆ

ಇಲ್ಲಿಗೆ ನಿಂತಿದೆ. ಸವರಲೆಂದು ಹೋದ ಗುಲಾಬಿಯ ತುದಿಯಲ್ಲಿ ಮೊಗ್ಗು ಕಂಡಿತು, ಕತ್ತರಿಯನ್ನು ಕೆಳಗಿಟ್ಟು ಬಂದೆ. ಅದು ಅರಳಲಿ, ಉಳಿದ ಸಾಲುಗಳನ್ನು ಆಮೇಲೆ ತರುತ್ತೇನೆ.