ಕಾಲೇಜಿನ ಪದವಿ ದಿನಕ್ಕೆ 4 ನಿಮಿಷ ಮಾತಾಡಬೇಕು. ಏನು ಹೇಳಲಿ, ಹೇಗೆ ಹೇಳಲಿ?

ಏಳೂಹತ್ತರ ಬಸ್ಸು:

ಎಲ್ಲರಿಗೂ ನಮಸ್ಕಾರ. ನಾನು ಹಿರಿಯೂರು ಕಡೆಯವಳು. ಈ ವರ್ಷ, ಅಂದರೆ 2025ಕ್ಕೆ, ಬಿ.ಕಾಂ. ಮುಗಿಯಿತು. ಬರುವ ಶನಿವಾರ ಕಾಲೇಜಿನಲ್ಲಿ ಪದವಿ ದಿನ ಇದೆ. ಯೂನಿವರ್ಸಿಟಿ ಘಟಿಕೋತ್ಸವ ಅಲ್ಲ, ಅದು ಬೇರೆ. ಇದು ನಮ್ಮ ಕಾಲೇಜಿನ ಮಟ್ಟಕ್ಕೆ. ಕಪ್ಪು ಗೌನು ಬಾಡಿಗೆಗೆ ತರಿಸುತ್ತಿದ್ದಾರೆ. ವಿದ್ಯಾರ್ಥಿಗಳ ಪರವಾಗಿ ನಾಲ್ಕು ನಿಮಿಷ ಮಾತಾಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ನಾನು ಫಸ್ಟ್ ಬಂದವಳೂ ಅಲ್ಲ. ಫಸ್ಟ್ ಬಂದ ಹುಡುಗ ಮೈಕ್ ಕಂಡರೆ ಜ್ವರ ಬರುತ್ತದೆ ಅಂದುಬಿಟ್ಟ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ನನ್ನ ಕಥೆ ಕೇಳಿ. ಪಿಯುಸಿಯಲ್ಲಿ ಆಗಸ್ಟ್ 15ಕ್ಕೆ ಭಾಷಣಕ್ಕೆ ನಿಂತೆ. ‘ನಮ್ಮ ದೇಶವು’ ಅಂದೆ, ಮುಂದೆ ಏನೂ ನೆನಪಾಗಲಿಲ್ಲ. ಮತ್ತೆ ‘ನಮ್ಮ ದೇಶವು’ ಅಂದೆ. ಮೂರನೇ ಸಲಕ್ಕೆ ಹಿಂದಿನಿಂದ ಯಾರೋ ‘ಎಲ್ಲಿಗೆ ಹೋಯ್ತು?’ ಅಂದರು. ಅವತ್ತೇ ಕೊನೆ, ಮತ್ತೆ ಸ್ಟೇಜ್ ಹತ್ತಿಲ್ಲ.

ಈಗ ಒಂದೂವರೆ ಪುಟ ಬರೆದಿದ್ದೇನೆ. ‘ಶಿಕ್ಷಣವು ಬಾಳಿನ ದಾರಿದೀಪ’ ಅಂತ ಶುರು. ಅದಕ್ಕೂ ಮೊದಲು ವೇದಿಕೆಯ ಮೇಲೆ ಆಸೀನರಾಗಿರುವವರ ಹೆಸರುಗಳು. ಮೊಬೈಲಲ್ಲಿ ಟೈಮ್ ಇಟ್ಟು ಓದಿದೆ. ಹೆಸರುಗಳಿಗೇ 55 ಸೆಕೆಂಡು ಹೋಯಿತು. ಓದುತ್ತಾ ನನಗೇ ಆಕಳಿಕೆ ಬಂತು.

ಇನ್ನೊಂದು ತಲೆನೋವು ಭಾಷೆಯದು. ಮುಖ್ಯ ಅತಿಥಿ ದೊಡ್ಡ ಬ್ಯಾಂಕ್ ಅಧಿಕಾರಿ, ಇಂಗ್ಲಿಷಿನಲ್ಲೇ ಮಾತಾಡು ಅಂತ ಒಬ್ಬರು ಸರ್ ಹೇಳಿದ್ದಾರೆ. ಆದರೆ ಅಮ್ಮ ಬರುತ್ತಾಳೆ. ಬ್ಲೌಸ್ ಹೊಲಿಯುವವಳು, ಶ್ರಾವಣ ಹತ್ತಿರ ಬಂತು, ಆರ್ಡರ್ ಜಾಸ್ತಿ, ಆದರೂ ಅರ್ಧ ದಿನ ಮೆಷಿನ್ ನಿಲ್ಲಿಸಿ ಬರುತ್ತಾಳೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ.

ನಮ್ಮ ಬ್ಯಾಚಿನದ್ದು ಅಂತ ಹೇಳಿಕೊಳ್ಳುವ ಸಾಧನೆಯೂ ಇಲ್ಲ. ಸೇರಿದ ಹೊಸದರಲ್ಲಿ ನಮ್ಮ ಕಡೆಯ ಮಾರಿಕಣಿವೆ ಡ್ಯಾಮ್ ತುಂಬಿ ಕೋಡಿ ಬಿತ್ತು ಅಂತ ಕ್ಲಾಸ್ ಬಿಟ್ಟು ನೋಡೋಕೆ ಹೋಗಿದ್ದೆವು, ಅಷ್ಟೇ. ಅದನ್ನೆಲ್ಲ ಸ್ಟೇಜ್ ಮೇಲೆ ಹೇಳೋಕಾಗಲ್ಲ ಅಲ್ವಾ?

ರೆಡಿಮೇಡ್:

ಚಾಟ್‌ಜಿಪಿಟಿಗೆ ಹೇಳಿ. ಎರಡು ನಿಮಿಷದ ಕೆಲಸ. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಏಳೂಹತ್ತರ ಬಸ್ಸು:

ಕೇಳಿ ನೋಡಿದೆ. ‘ಜ್ಞಾನದ ದೀವಿಗೆ’ ಅಂತ ಕೊಟ್ಟಿತು. ನನ್ನದರಲ್ಲಿ ದಾರಿದೀಪ ಆಗಲೇ ಇದೆ. ಒಟ್ಟು ಎರಡು ದೀಪ ಆಯಿತು.

ನಿವೃತ್ತ ಮೇಷ್ಟ್ರು:

ಮೂರು. ನೀನು ಮಾತಾಡುವ ಮೊದಲೇ ಅತಿಥಿಗಳು ಒಂದು ಹಚ್ಚಿರುತ್ತಾರೆ.

ನೋಡಮ್ಮ, ನಾನು ಕನ್ನಡ ಪಾಠ ಮಾಡಿದವನು. ಪಾಠದ ಜೊತೆಗೆ ಕಾಲೇಜಿನ ಸಭೆಗಳ ನಿರೂಪಣೆಯೂ ನನ್ನ ಪಾಲಿಗೇ ಬರುತ್ತಿತ್ತು. ಅಷ್ಟು ವರ್ಷ ಕೇಳಿದ ಭಾಷಣಗಳಲ್ಲಿ ನೆನಪಿರುವುದು ನಾಲ್ಕೋ ಐದೋ. ಆ ನಾಲ್ಕೈದರಲ್ಲಿ ಒಂದರಲ್ಲೂ ಶಿಕ್ಷಣ ಅಂದರೇನು ಅಂತ ಯಾರೂ ಹೇಳಿರಲಿಲ್ಲ. ಒಬ್ಬ ಹುಡುಗ ಹಾಸ್ಟೆಲ್ಲಿನ ಸಾರಿನ ಬಗ್ಗೆ ಮಾತಾಡಿದ್ದ. ಸಾರಿನಲ್ಲಿ ಬೇಳೆ ಹುಡುಕುವುದಕ್ಕೆ ಅವರು ಹಾಕುತ್ತಿದ್ದ ಪಂದ್ಯ, ಗೆದ್ದವನಿಗೆ ಹಪ್ಪಳ. ಅದು ಇವತ್ತಿಗೂ ನೆನಪಿದೆ.

ನೀನು ಕೊನೆಗೆ ‘ಅಷ್ಟೇ’ ಅಂತ ತಳ್ಳಿಹಾಕಿದೆಯಲ್ಲ, ಅದೇ ನಿನ್ನ ಭಾಷಣ. ಮಾರಿಕಣಿವೆ ಕೋಡಿ. ಲೆಕ್ಕ ಹಾಕು. 1933ರಲ್ಲಿ ಒಮ್ಮೆ ಬಿದ್ದದ್ದು. ಆಮೇಲೆ 89 ವರ್ಷ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬಿತ್ತು, ಆಗ ನೀವು ಮೊದಲ ವರ್ಷ. ಈ ಜನವರಿಯಲ್ಲಿ ಮತ್ತೆ ಬಿತ್ತು, ಆಗ ಕೊನೆಯ ವರ್ಷ. ಎರಡು ಕೋಡಿಗಳ ನಡುವೆ ಡಿಗ್ರಿ ಮುಗಿಸಿದ ಬ್ಯಾಚು ನಿಮ್ಮದು. ಬೇರೆ ಯಾರು ಈ ಮಾತು ಹೇಳಬಲ್ಲರು? ದಾರಿದೀಪವನ್ನಾದರೆ ಎಲ್ಲರೂ ಹಚ್ಚಬಹುದು.

ಹೆಸರುಗಳ ಪಟ್ಟಿ ಬಿಡು. ಸ್ವಾಗತ ಮಾಡುವವರು, ಪ್ರಾಸ್ತಾವಿಕ ಮಾತಾಡುವವರು, ನಿರೂಪಕರು, ಎಲ್ಲರೂ ಆಗಲೇ ಹೇಳಿರುತ್ತಾರೆ. ‘ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರಿಗಿರುವ ಅಪ್ಪ ಅಮ್ಮಂದಿರಿಗೆ ನಮಸ್ಕಾರ’ ಅಂದರೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ.

ವಾಕ್ಯ ಚಿಕ್ಕದಿರಲಿ. ಘಟಿಕೋತ್ಸವಗಳಲ್ಲಿ ‘ಸತ್ಯಂ ವದ, ಧರ್ಮಂ ಚರ’ ಅಂತ ಹೇಳುವುದನ್ನು ಕೇಳಿರಬಹುದು. ತೈತ್ತಿರೀಯ ಉಪನಿಷತ್ತಿನದು. ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತು. ಎರಡೆರಡೇ ಪದ. ಅಷ್ಟು ಹಳೆಯ ಗುರುವಿಗೇ ಉದ್ದ ವಾಕ್ಯ ಬೇಕಾಗಲಿಲ್ಲ.

ಭಾಷೆಯ ಬಗ್ಗೆ ಹೆದರಬೇಡ. ಕುವೆಂಪು 1974ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲೇ ಕನ್ನಡದಲ್ಲಿ ಮಾತಾಡಿದರು. ನಿನ್ನ ಹಾಲ್ ಅದಕ್ಕಿಂತ ದೊಡ್ಡದಲ್ಲ. ಅತಿಥಿಗೆ ಒಂದು ಸಾಲು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳು, ನಿಮ್ಮ ಸರ್ ಮಾತನ್ನೂ ಉಳಿಸಿದ ಹಾಗಾಯಿತು.

ಇನ್ನೊಂದು. ನಾಲ್ಕು ನಿಮಿಷದ್ದು ಬರೆದುಕೋ, ಆದರೆ ಎರಡು ನಿಮಿಷಕ್ಕೂ ತಯಾರಾಗಿರು. ಬಿಡಬಹುದಾದ ಸಾಲುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟುಕೋ. ಯಾಕೆ ಅಂತ ಅವತ್ತು ಗೊತ್ತಾಗುತ್ತದೆ.

ಕೊನೇ ಬೆಂಚು:

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಕಹಿ ಅನುಭವ ಸೇರಿಸುತ್ತೇನೆ. 2019ರಲ್ಲಿ ಇಂಜಿನಿಯರಿಂಗ್ ಮುಗಿಸಿದಾಗ ನಾನೂ ಮಾತಾಡಿದ್ದೆ. ಫೋನಿನಲ್ಲಿ ಟೈಪ್ ಮಾಡಿಕೊಂಡು ಹೋಗಿದ್ದೆ. ಚಪ್ಪಾಳೆ ಬಿತ್ತು, ಅಷ್ಟರಲ್ಲಿ ಸ್ಕ್ರೀನ್ ಲಾಕ್ ಆಯಿತು. ಬೆವರಿದ ಬೆರಳಿಗೆ ಫಿಂಗರ್‌ಪ್ರಿಂಟ್ ತೆಗೆದುಕೊಳ್ಳಲಿಲ್ಲ. ಪ್ಯಾಟರ್ನ್ ಎರಡು ಸಲ ತಪ್ಪಿದೆ. ಮುನ್ನೂರು ಜನ ನಾನು ಫೋನ್ ತೆರೆಯುವುದನ್ನು ನೋಡುತ್ತಾ ಕೂತಿದ್ದರು. ಅದರ ವಿಡಿಯೋ ಇವತ್ತಿಗೂ ನನ್ನ ಪ್ರತಿ ಹುಟ್ಟುಹಬ್ಬಕ್ಕೆ ಗ್ರೂಪಿಗೆ ಬರುತ್ತದೆ.

ದಯವಿಟ್ಟು ಕಾಗದದಲ್ಲಿ ಬರೆಯಿರಿ. ಮದುವೆ ಕರೆಯೋಲೆಯಂಥ ದಪ್ಪ ಕಾರ್ಡು ಒಳ್ಳೆಯದು, ಕೈ ನಡುಗಿದರೂ ಕಾಣುವುದಿಲ್ಲ. ಪೂರ್ತಿ ಬಾಯಿಪಾಠ ಮಾಡಬೇಡಿ. ಬಾಯಿಪಾಠದಲ್ಲಿ ಒಂದು ಪದ ಜಾರಿದರೆ ಮುಂದಿನದೆಲ್ಲ ಜಾರುತ್ತದೆ. ನಿಮ್ಮ ‘ನಮ್ಮ ದೇಶವು’ ಆಗಿದ್ದೂ ಹಾಗೇ ಇರಬೇಕು. ಮೊದಲ ಎರಡು ಸಾಲು, ಕೊನೆಯ ಒಂದು ಸಾಲು, ಇಷ್ಟು ನಾಲಿಗೆ ಮೇಲಿದ್ದರೆ ಸಾಕು.

ಆದರೆ ಕ್ಲಾಸ್ ಬಂಕ್ ಮಾಡಿದ್ದನ್ನು ಪ್ರಿನ್ಸಿಪಾಲರ ಎದುರಿಗೆ ಹೇಳುವುದು ನನಗೆ ಯಾಕೋ ಸರಿ ಕಾಣುತ್ತಿಲ್ಲ. ಟಿ.ಸಿ. ಕೈಗೆ ಬಂದಿದೆಯಾ?

ಮೈಕ್‌ಸೆಟ್ ಅಂಗಡಿ:

ತಂಗಿ, ಏನು ಹೇಳಬೇಕು ಅನ್ನುವುದು ಮೇಷ್ಟ್ರಿಗೆ ಬಿಟ್ಟದ್ದು. ನಾನು ಸ್ಟೇಜಿನ ಪಕ್ಕ ಮಿಕ್ಸರ್ ಇಟ್ಟುಕೊಂಡು ಕೂರುವವನು. ನನಗೆ ಕಾಣುವುದು ಹೇಳುತ್ತೇನೆ.

ಮಕ್ಕಳು ಬಂದ ತಕ್ಷಣ ಮಾಡುವ ಮೊದಲ ತಪ್ಪು, ಮೈಕಿಗೆ ಊದುವುದು, ಇಲ್ಲವೇ ಬೆರಳಲ್ಲಿ ಟಕ್ ಟಕ್ ಅಂತ ಬಡಿಯುವುದು. ಮೈಕು ಆನ್ ಇದೆ. ಆನ್ ಮಾಡುವುದು ನನ್ನ ಕೆಲಸ. ನೀನು ಮಾಡಬೇಕಾದದ್ದು ಒಂದೇ, ಅದರ ಕತ್ತನ್ನು ನಿನ್ನ ಬಾಯಿಯ ಎತ್ತರಕ್ಕೆ ಬಗ್ಗಿಸಿಕೊಳ್ಳುವುದು. ನಿನ್ನ ಹಿಂದೆ ಮಾತಾಡಿದವರು ಆರಡಿ ಇದ್ದಿರಬಹುದು. ಮೈಕನ್ನು ಎಳೆದುಕೋ, ನೀನು ಕತ್ತು ಚಾಚಬೇಡ. ಬಗ್ಗಿಸುವಾಗ ಕರ್ ಅನ್ನುತ್ತದೆ, ಅನ್ನಲಿ. ನಡುವೆ ಒಂದು ಗೇಣು ಜಾಗ ಇರಲಿ. ಕೈಯಲ್ಲಿ ಹಿಡಿಯುವ ಮೈಕ್ ಆದರೆ ನಾಲ್ಕು ಬೆರಳು ಸಾಕು. ಅದರ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡ. ಮುಚ್ಚಿದರೆ ಕುಯ್ಯ್ ಅಂತ ಕೂಗುತ್ತದೆ, ಎಲ್ಲರೂ ನನ್ನನ್ನು ಬೈಯುತ್ತಾರೆ. ಬಾಕ್ಸಿನಿಂದ ಬಂದ ಸದ್ದು ತಿರುಗಿ ಮೈಕಿಗೇ ಹೋದರೆ ಆಗುವುದು ಅದು. ನನ್ನ ಸೆಟ್ ಕೆಟ್ಟಿದೆ ಅಂತಲ್ಲ.

ಹಾಲ್ ಮೇಲೆ ಶೀಟ್ ಇದ್ದರೆ ಮಾತು ಗುಂಯ್ ಅನ್ನುತ್ತದೆ. ಒಂದು ಸಾಲು ಹೇಳು, ಅದು ಗೋಡೆಗೆ ಹೋಗಿ ಇಳಿಯುವವರೆಗೆ ತಡಿ, ಆಮೇಲೆ ಇನ್ನೊಂದು. ನಿನಗೆ ತುಂಬಾ ಹೊತ್ತು ಸುಮ್ಮನಿದ್ದ ಹಾಗೆ ಅನ್ನಿಸುತ್ತದೆ. ಕೂತವರಿಗೆ ಅನ್ನಿಸುವುದಿಲ್ಲ. ಕರೆಂಟ್ ಹೋದರೆ ಕಿರುಚಬೇಡ. ಜನರೇಟರ್ ಬರುವವರೆಗೆ ನೀರು ಕುಡಿ.

ನಾಲ್ಕು ನಿಮಿಷ ಅಂದರೆ ಭಯ ಯಾಕೆ? ನಾಡಗೀತೆಗೆ ಎರಡೂವರೆ ನಿಮಿಷ ಅಂತ 2022ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ಅದರ ಮೇಲೆ ಒಂದೂವರೆ ನಿಮಿಷ, ಅಷ್ಟೇ ನಿನ್ನದು.

ಏಳೂಹತ್ತರ ಬಸ್ಸು:

ಮೇಷ್ಟ್ರೇ, ಮೈಕ್ ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಟಿ.ಸಿ. ಇನ್ನೂ ಕೈಗೆ ಬಂದಿಲ್ಲ, ಆದರೂ ಧೈರ್ಯ ಮಾಡಿದ್ದೇನೆ. ರಾತ್ರಿ ಕೂತು ಹೊಸದಾಗಿ ಬರೆದೆ. ನಮಸ್ಕಾರ ಆದ ಮೇಲೆ ಹೀಗೆ:

‘2022ರ ಸೆಪ್ಟೆಂಬರ್. ಕ್ಲಾಸ್ ಆಗಷ್ಟೇ ಶುರುವಾಗಿತ್ತು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮಾರಿಕಣಿವೆ ಕೋಡಿ ಬಿದ್ದಿದೆ ಅಂತ ಸುದ್ದಿ ಬಂತು. ನಮ್ಮ ಅಜ್ಜಿಯೂ ಅದನ್ನು ನೋಡಿರಲಿಲ್ಲ. 31 ಜನ ಹೊರಟೆವು. ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅಲ್ಲಿ ನೀರಿನ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟು, ಕೂಗಿ ಕೂಗಿ ಹೆಸರು ಕೇಳಿಕೊಂಡೆವು. ನನ್ನ ಗೆಳತಿಯ ಹೆಸರು ನನಗೆ ಅವತ್ತು ತಪ್ಪಾಗಿ ಕೇಳಿಸಿತು. ಮೂರು ವರ್ಷ ಆ ತಪ್ಪು ಹೆಸರಲ್ಲೇ ಕರೆದಿದ್ದೇನೆ.

ಮಾರನೇ ದಿನ ಅಕೌಂಟೆನ್ಸಿ ಮೇಡಂ ಹಾಜರಿ ಪುಸ್ತಕ ತೆರೆದರು. ಬೈಗುಳ ಕಾದಿತ್ತು. ಅವರು ಪುಸ್ತಕದಿಂದ ತಲೆ ಎತ್ತದೆ, ನೀರು ಎಷ್ಟಿತ್ತು ಅಂತ ಕೇಳಿದರು. 130 ಅಡಿ ದಾಟಿದೆ ಮೇಡಂ ಅಂದೆವು. ಸರಿ, ಈಗ ಜರ್ನಲ್ ಎಂಟ್ರಿ ಬರೆಯಿರಿ ಅಂದರು.

ಈ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಮತ್ತೆ ಹೋದೆವು. ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು. ಮೊದಲ ಫೋಟೋದಲ್ಲಿ 31 ಜನ ಇದ್ದೇವೆ. ಎರಡನೆಯದರಲ್ಲಿ 24. ಉಳಿದ ಏಳು ಜನ ದಡ್ಡರಲ್ಲ. ಮೂವರಿಗೆ ಮದುವೆಯಾಯಿತು. ಒಬ್ಬ ಅಪ್ಪ ತೀರಿಕೊಂಡ ಮೇಲೆ ಗಾರ್ಮೆಂಟ್ಸಿಗೆ ಸೇರಿದ. ಇನ್ನುಳಿದವರು ಯಾಕೆ ಬಿಟ್ಟರು ಅಂತ ನಾವು ಕೇಳಲಿಲ್ಲ. ಕೇಳಬೇಕಿತ್ತು. ಇವತ್ತು ಈ ಗೌನು ಹಾಕಿಕೊಳ್ಳುವಾಗ ಅವರ ನೆನಪಾಯಿತು. ಆದ್ದರಿಂದ ನಾವೆಲ್ಲರೂ ಶಿಕ್ಷಣದ ಮಹತ್ವವನ್ನು ಅರಿತು ಸಮಾಜದ ಏಳಿಗೆಗೆ ಶ್ರಮಿಸೋಣ. ಧನ್ಯವಾದ.’

ನಿವೃತ್ತ ಮೇಷ್ಟ್ರು:

‘ಆದ್ದರಿಂದ’ ಅಂತ ಶುರುವಾಗುವ ಆ ಸಾಲು ಹೊಡೆದುಹಾಕು. ದೀಪ ಹಿಂದಿನ ಬಾಗಿಲಿಂದ ಒಳಗೆ ಬಂದಿದೆ. ‘ನೆನಪಾಯಿತು’ ಅನ್ನು, ಧನ್ಯವಾದ ಹೇಳು, ಕೂತುಬಿಡು. ಬೇರೆ ಒಂದು ಅಕ್ಷರವನ್ನೂ ಮುಟ್ಟಬೇಡ.

ಅಕೌಂಟೆನ್ಸಿ ಮೇಡಂಗೆ ನನ್ನ ನಮಸ್ಕಾರ ತಿಳಿಸು.

ಕೊನೇ ಬೆಂಚು:

ನನ್ನ ಮಾತು ವಾಪಸ್ ತೆಗೆದುಕೊಂಡೆ. ಹೇಳಿಬಿಡಿ.

ಏಳೂಹತ್ತರ ಬಸ್ಸು:

ಭಾನುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಮುಗಿಯಿತು!

ಅತಿಥಿಗಳು ಒಂದು ಮುಕ್ಕಾಲು ಗಂಟೆ ತಡವಾಗಿ ಬಂದರು. ನನ್ನ ಸರದಿ ಬರುವ ಹೊತ್ತಿಗೆ ಹೊರಗೆ ಊಟಕ್ಕೆ ಎಲೆ ಹಾಕುತ್ತಿದ್ದರು. ಸ್ಟೇಜ್ ಹತ್ತುವಾಗ ಒಬ್ಬರು ಸರ್ ಕಿವಿಯಲ್ಲಿ ‘ಎರಡೇ ನಿಮಿಷಕ್ಕೆ ಮುಗಿಸಮ್ಮ, ಪಲಾವ್ ಆರುತ್ತೆ’ ಅಂದರು. ಮೇಷ್ಟ್ರೇ, ಪೆನ್ಸಿಲ್ ಗೆರೆ ಯಾಕೆ ಅಂತ ಆಗ ಗೊತ್ತಾಯಿತು. ಬಸ್ಸಿನ ಸಾಲು ಬಿಟ್ಟೆ, ಗೆಳತಿಯ ಹೆಸರಿನ ಸಾಲುಗಳನ್ನೂ ಬಿಟ್ಟೆ. ಅವಳು ಇನ್ನೂ ಮಾತಾಡಿಸುತ್ತಿಲ್ಲ.

ಮೈಕ್ ಬಗ್ಗಿಸಿದೆ, ಕರ್ ಅಂತು. ‘ಮಾರಿಕಣಿವೆ’ ಅಂದ ತಕ್ಷಣ ಹಿಂದಿನಿಂದ ಹುಡುಗರು ಶಿಳ್ಳೆ ಹಾಕಿದರು. ತಡೆದೆ. ಮೇಡಂ ಮಾತಿಗೆ ಎಲ್ಲರೂ ನಕ್ಕರು. ಮೇಡಂ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತಾ ನೆಲ ನೋಡುತ್ತಿದ್ದರು. ‘24’ ಅಂದಾಗ ಹಾಲ್‌ನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಕಾರ್ಡು ನೋಡದೆ ಕೊನೆಯ ಸಾಲು ಹೇಳಿದೆ. ಒಂದು ಕಡೆಯೂ ನಿಲ್ಲಲಿಲ್ಲ. ಆಮೇಲೆ ಮಾತಾಡಿದ ಬ್ಯಾಂಕ್ ಅಧಿಕಾರಿ ಚಳ್ಳಕೆರೆಯವರಂತೆ. ಪೂರ್ತಿ ಕನ್ನಡದಲ್ಲೇ ಮಾತಾಡಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ತುಂಬಾ ಹೊತ್ತು ಏನೂ ಹೇಳಲಿಲ್ಲ. ಊರು ಹತ್ತಿರ ಬಂದಾಗ, ‘ಅವತ್ತು ಲೈಬ್ರರಿ ಕಾರ್ಡ್ ಮಾಡಿಸೋಕೆ ಲೇಟಾಯ್ತು ಅಂದಿದ್ದೆಯಲ್ಲೇ’ ಅಂದಳು. ಮೂರು ವರ್ಷ ಆದ ಮೇಲೆ, ಅದೂ ಮೈಕ್ ಹಾಕಿಸಿಕೊಂಡು ಸಿಕ್ಕಿಬಿದ್ದಿದ್ದೆ. ಬೈಯುತ್ತಾಳೆ ಅಂತ ಕಿಟಕಿ ಕಡೆ ತಿರುಗಿದೆ.

‘ನನ್ನನ್ನೂ ಕರಕೊಂಡು ಹೋಗಬಾರದಿತ್ತಾ? ನಾನೂ ನೋಡಿಲ್ಲ’ ಅಂದಳು.