‘ರೇನ್’ ಅಂದರೆ ಎಲ್ಲ ಕಡೆಯೂ ‘ಆಳ್ವಿಕೆ’ನಾ?

ಗೆಳೆಯರೇ, ಎರಡು ವಾರದಿಂದ ಒಂದು ಪದ ಹಿಡಿದುಕೊಂಡು ಒದ್ದಾಡುತ್ತಿದ್ದೇನೆ. ಇಂಗ್ಲಿಷಿನ ‘ರೇನ್’. ಮಳೆಯ ರೇನ್ ಅಲ್ಲ, ಕುದುರೆ ಲಗಾಮಿನ ರೇನ್ ಕೂಡ ಅಲ್ಲ. ನಡುವೆ ಜಿ ಅಕ್ಷರ ಇದ್ದೂ ಅದನ್ನು ಬಾಯಲ್ಲಿ ಹೇಳದ, ರಾಜ ರಾಣಿಯರಿಗೆ ಬಳಸುವ ರೇನ್. ಇದಕ್ಕೂ ‘ಆಳ್ವಿಕೆ’ ಅಂತೀವಿ, ‘ರೂಲ್’ಗೂ ‘ಆಳ್ವಿಕೆ’ ಅಂತೀವಿ. ಇಷ್ಟು ದಿನ ನಾನೂ ಯೋಚನೆ ಮಾಡದೆ ಹಾಗೇ ಬರೆದುಕೊಂಡು ಬಂದೆ.

ಸಿಕ್ಕಿಬಿದ್ದದ್ದು ಹೀಗೆ. ಮಕ್ಕಳಿಗಾಗಿ ಬೆಂಗಳೂರಿನ ಇತಿಹಾಸದ ಒಂದು ಸಣ್ಣ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊನೆಯಲ್ಲಿ ಒಂದು ಪಟ್ಟಿ ಇದೆ. ಒಂದು ಸಾಲು ‘ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆ, 1799–1868’. ಅದರ ಕೆಳಗೇ ‘ಬ್ರಿಟಿಷ್ ಕಮಿಷನರುಗಳ ಆಳ್ವಿಕೆ, 1831–1881’. ಭಾನುವಾರ ಮನೆಗೆ ಬಂದಿದ್ದ ಅಕ್ಕನ ಮಗಳು, ಏಳನೇ ಕ್ಲಾಸು, ಕರಡನ್ನು ತಿರುವಿ ಹಾಕುತ್ತಾ ಎರಡೂ ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಕೇಳಿದಳು: ‘ಚಿಕ್ಕಮ್ಮಾ, ಹಾಗಾದ್ರೆ 1840ರಲ್ಲಿ ಆಳ್ತಾ ಇದ್ದಿದ್ದು ಯಾರು?’

ಇಂಗ್ಲಿಷ್ ಮೂಲದಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿ ಮೊದಲನೆಯದು ರೇನ್, ಎರಡನೆಯದು ರೂಲ್. ಎರಡನ್ನೂ ಒಂದೇ ಮಾಡಿದವಳು ನಾನು.

ಮುಮ್ಮಡಿಯವರ ಕಥೆ ನೋಡಿ. 1799ರಲ್ಲಿ ಪಟ್ಟ ಕಟ್ಟಿದಾಗ ಅವರಿಗೆ ಐದು ವರ್ಷ. ಮೊದಲ ಹತ್ತು ವರ್ಷ ರಾಜ್ಯದ ಕೆಲಸವೆಲ್ಲ ದಿವಾನ್ ಪೂರ್ಣಯ್ಯನವರದ್ದು. ಆಮೇಲೆ ಅಧಿಕಾರ ಕೈಗೆ ಬಂತು, 1831ರಲ್ಲಿ ಬ್ರಿಟಿಷರು ಅದನ್ನು ಕಿತ್ತುಕೊಂಡರು. ಆಡಳಿತ ಮೈಸೂರಿನಿಂದ ಬೆಂಗಳೂರಿಗೆ ಬಂತು, ಕಮಿಷನರ್ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಇಲ್ಲಿ ಕೂತು ಕಾರಭಾರ ಮಾಡಿದರು. ಕಬ್ಬನ್ ಪಾರ್ಕಿಗೂ ಅಠಾರ ಕಚೇರಿಗೂ ಹೋದಾಗಲೆಲ್ಲ ನಾವು ಕಾಲಿಡುವುದು ಕಮಿಷನರುಗಳ ಕಾಲದ ನೆಲದ ಮೇಲೆಯೇ. ಆದರೆ 1868ರಲ್ಲಿ ಕಣ್ಣು ಮುಚ್ಚುವ ತನಕ ಮೈಸೂರಿಗೆ ದೊರೆ ಮುಮ್ಮಡಿಯವರೇ. ಅಂದರೆ ಪಟ್ಟದಲ್ಲಿದ್ದದ್ದು ಹತ್ತಿರ ಹತ್ತಿರ 69 ವರ್ಷ, ಆಡಳಿತ ಕೈಲಿದ್ದದ್ದು ಸುಮಾರು 20 ವರ್ಷ. ನಾಲ್ವಡಿಯವರದ್ದೂ ಸ್ವಲ್ಪ ಹೀಗೇ. ಪಟ್ಟಕ್ಕೆ ಬಂದದ್ದು 1895, ಅಧಿಕಾರ ವಹಿಸಿಕೊಂಡದ್ದು 1902. ನಡುವಿನ ವರ್ಷಗಳಲ್ಲಿ ರಾಜ್ಯ ನೋಡಿಕೊಂಡವರು ಅವರ ತಾಯಿ, ವಾಣಿವಿಲಾಸ ಸನ್ನಿಧಾನ. ಎರಡಕ್ಕೂ ‘ಆಳ್ವಿಕೆ’ ಅಂತ ಒಂದೇ ಮುದ್ರೆ ಒತ್ತಿದರೆ ಆ ತಾಯಿಯ ಏಳು ವರ್ಷದ ಕೆಲಸ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ನನಗೆ ನಿಜವಾಗಿ ಬೇಜಾರಾದದ್ದು ಇಲ್ಲೇ.

1830ರಲ್ಲಿ ಫ್ರಾನ್ಸಿನ ತಿಯೇರ್ ಎಂಬಾತ ಬರೆದ ಮಾತೊಂದಿದೆ, ರಾಜ ‘ರೇನ್’ ಮಾಡುತ್ತಾನೆ, ಸರ್ಕಾರ ನಡೆಸುವುದಿಲ್ಲ ಅಂತ. ಇದನ್ನು ‘ರಾಜ ಆಳುತ್ತಾನೆ, ಆದರೆ ಆಳುವುದಿಲ್ಲ’ ಅಂತ ಬರೆಯೋಕಾಗುತ್ತಾ? ‘ರಾಜ ಪಟ್ಟದಲ್ಲಿರುತ್ತಾನೆ, ಆಡಳಿತ ಮಾಡುವುದಿಲ್ಲ’ ಅಂದರೆ ಸರಿಹೋಗುತ್ತದೆ ಅಂತ ನನ್ನ ಲೆಕ್ಕ. ಬ್ರಿಟನ್ನಿನ ಎರಡನೇ ಎಲಿಜಬೆತ್ 1952ರಿಂದ 2022ರವರೆಗೆ ಇದ್ದದ್ದೂ ಹಾಗೇ ಅಲ್ವಾ? 70 ವರ್ಷ ಪಟ್ಟದಲ್ಲಿದ್ದರು, ದೇಶ ನಡೆಸಿದವರು ಪ್ರಧಾನಿಗಳು.

ಈ ಭೇದ ಕನ್ನಡಕ್ಕೆ ಹೊಸದಲ್ಲ. ಹಳೆಯ ಶಾಸನಗಳನ್ನು ಓದಿದವರಿಗೆ ಗೊತ್ತಿರುತ್ತದೆ, ಮೇಲಿನ ಚಕ್ರವರ್ತಿ ‘ಪೃಥಿವೀರಾಜ್ಯಂಗೆಯ್ಯೆ’ ಅಂತ ಶುರುವಾಗುತ್ತದೆ, ಆಮೇಲೆ ಅವನ ಕೆಳಗಿನವನು ‘ಬನವಾಸಿ ಪನ್ನಿರ್ಛಾಸಿರಮನಾಳೆ’, ಅಂದರೆ ಬನವಾಸಿ ಹನ್ನೆರಡು ಸಾವಿರ ಎಂಬ ನಾಡನ್ನು ಆಳುತ್ತಿರಲು, ಅಂತ ಬರುತ್ತದೆ. ದೊಡ್ಡ ದೊರೆ ರಾಜ್ಯಂಗೆಯ್ಯುತ್ತಾನೆ, ನಾಡನ್ನು ಕೈಯಾರೆ ನೋಡಿಕೊಳ್ಳುವವನು ಆಳುತ್ತಾನೆ. ಎಲ್ಲ ಶಾಸನಗಳಲ್ಲೂ ಗೆರೆ ಎಳೆದಂತೆ ಹೀಗೇ ಇದೆ ಅಂತ ನಾನು ಹೇಳುತ್ತಿಲ್ಲ, ಆದರೆ ಒಂದೇ ಶಾಸನದಲ್ಲಿ ಎರಡು ಕ್ರಿಯಾಪದ ಅಕ್ಕಪಕ್ಕ ಕೂತಿರುವುದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮಲ್ಲಿ ಇದ್ದದ್ದನ್ನೇ ನಾವು ಮರೆತು ಕೂತಿದ್ದೇವೆ.

‘ಪಟ್ಟ’ ಪದವೂ ಚೆನ್ನಾಗಿದೆ. ಹಣೆಗೆ ಕಟ್ಟುವ ಪಟ್ಟಿ ಅದು, ಅದಕ್ಕೇ ‘ಪಟ್ಟ ಕಟ್ಟುವುದು’. ಅಧಿಕಾರ ಇರಲಿ ಬಿಡಲಿ, ಹಣೆ ಮೇಲೆ ಪಟ್ಟಿ ಇದ್ದರೆ ದೊರೆ. ‘ರೇನ್’ಗೆ ಇದಕ್ಕಿಂತ ಹತ್ತಿರದ ಪದ ನನಗಂತೂ ಹೊಳೆದಿಲ್ಲ.

ಇನ್ನು ಅಲಂಕಾರದ ಬಳಕೆ. ಇಲ್ಲಿ ಇನ್ನೂ ಜಾಸ್ತಿ ತೊಂದರೆ. ಇಂಗ್ಲಿಷಿನಲ್ಲಿ ಮೌನವೂ ರೇನ್ ಮಾಡುತ್ತದೆ, ಗೊಂದಲವೂ ಮಾಡುತ್ತದೆ, ಟೆನಿಸ್ ಆಟಗಾರ್ತಿಯೂ ಮಾಡುತ್ತಾಳೆ. ಮೊನ್ನೆ ಒಂದು ಅನುವಾದದಲ್ಲಿ ‘ಕೋಣೆಯಲ್ಲಿ ಮೌನ ಆಳುತ್ತಿತ್ತು’ ಅಂತ ಓದಿದೆ. ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಯಿತು. ಕನ್ನಡದಲ್ಲಿ ಮೌನ ಕವಿಯುತ್ತದೆ, ಆವರಿಸುತ್ತದೆ, ಮನೆ ಮಾಡುತ್ತದೆ. ಬಡತನ ತಾಂಡವವಾಡುತ್ತದೆ. ಶಾಂತಿ ನೆಲೆಸುತ್ತದೆ. ರೌಡಿಗಳು ಅಟ್ಟಹಾಸ ಮೆರೆಯುತ್ತಾರೆ. ಯಾವುದು ಎಲ್ಲಿ ಹೇಗೆ ಇರುತ್ತದೋ ಅದಕ್ಕೆ ತಕ್ಕ ಕ್ರಿಯಾಪದ ನಮ್ಮಲ್ಲಿದೆ. ಇವೆಲ್ಲದರ ತಲೆ ಮೇಲೂ ಕಿರೀಟ ಇಡಬೇಕಾದ ಅಗತ್ಯ ಏನಿದೆ?

ಹಾಗಂತ ರಾಜನ ಪದಗಳನ್ನು ನಾವು ಬೇರೆ ಅರ್ಥಕ್ಕೆ ತರುವುದೇ ಇಲ್ಲ ಅಂತಲ್ಲ. ನಮ್ಮಮ್ಮ ಎರಡು ದಿನ ಊರಿಗೆ ಹೋಗಿ ಬಂದವರು ಅಡುಗೆಮನೆ ಬಾಗಿಲಲ್ಲೇ ನಿಂತು, ಕಟ್ಟೆ ಮೇಲೆ ಮಗುಚಿ ಬಿದ್ದ ಹಾಲಿನ ಪಾತ್ರೆ ನೋಡಿ, ‘ನಾನಿಲ್ದಾಗ ಬೆಕ್ಕಿಂದೇ ದರ್ಬಾರು’ ಅಂದರು. ‘ಆಫೀಸಲ್ಲಿ ಅವನದ್ದೇ ರಾಜ್ಯಭಾರ’ ಅಂತೀವಿ, ‘ಅವಳದ್ದೇ ಪಾರುಪತ್ಯ’ ಅಂತೀವಿ. ಗಮನಿಸಿ, ಇವುಗಳಲ್ಲಿ ಒಂದು ಸಣ್ಣ ಸಿಟ್ಟೋ ಆಕ್ಷೇಪವೋ ಇರುತ್ತದೆ. ಇಂಗ್ಲಿಷಿನ ರೇನ್‌ನಲ್ಲಿ ಅದು ಇರಲೇಬೇಕೆಂದಿಲ್ಲ. ಹಾಗಾಗಿ ಮೌನಕ್ಕೆ ‘ದರ್ಬಾರು’ ಹಾಕಿದರೂ ತಪ್ಪುತ್ತದೆ. ಆಟದ ವರದಿಗಾರರು ಮಾತ್ರ ಇದನ್ನು ಎಷ್ಟೋ ಹಿಂದೆಯೇ ಸುಲಭವಾಗಿ ಬಗೆಹರಿಸಿಕೊಂಡಿದ್ದಾರೆ. ‘ಹಾಲಿ ಚಾಂಪಿಯನ್’, ‘ಚಾಂಪಿಯನ್ ಪಟ್ಟ’. ನೋಡಿ, ಅಲ್ಲೂ ಪಟ್ಟವೇ.

ಒಂದು ಕಡೆ ಮಾತ್ರ ನಾನು ‘ಆಳ್ವಿಕೆ’ ಉಳಿಸಿಕೊಳ್ಳುತ್ತೇನೆ. ಫ್ರೆಂಚ್ ಕ್ರಾಂತಿಯ ‘ರೇನ್ ಆಫ್ ಟೆರರ್’, 1793–94. ಹದಿನಾರನೇ ಲೂಯಿಯ ತಲೆ 1793ರ ಜನವರಿಯಲ್ಲೇ ಹೋಗಿತ್ತು, ಪಟ್ಟದಲ್ಲಿ ಯಾರೂ ಇರಲಿಲ್ಲ. ಆದರೆ ಜನರನ್ನು ಗಿಲೋಟಿನ್‌ಗೆ ಕಳಿಸಿದ್ದು ನಿಜವಾದ ಸರ್ಕಾರವೇ, ಸಮಿತಿ ಇತ್ತು, ಕಾನೂನು ಇತ್ತು. ‘ಭಯದ ಆಳ್ವಿಕೆ’ ಅಲ್ಲಿ ಅಕ್ಷರಶಃ ಸರಿ.

ಪಟ್ಟಿಯನ್ನು ಈಗ ಹೀಗೆ ತಿದ್ದಿದ್ದೇನೆ: ‘ಮುಮ್ಮಡಿಯವರು ಪಟ್ಟದಲ್ಲಿದ್ದ ಕಾಲ, 1799–1868’, ‘ಕಮಿಷನರುಗಳ ಆಡಳಿತ, 1831–1881’. ಅರ್ಥ ಸರಿಯಾಗಿದೆ, ಆದರೆ ‘ಪಟ್ಟದಲ್ಲಿದ್ದ ಕಾಲ’ ಪಟ್ಟಿಯ ಚೌಕದೊಳಗೆ ಉದ್ದವಾಗುತ್ತದೆ. ‘ಪಟ್ಟಕಾಲ’ ಅಂತ ಒಂದೇ ಪದ ಮಾಡಿದರೆ ಮಕ್ಕಳಿಗೆ ತಿಳಿಯುತ್ತದಾ, ಕಿವಿಗೆ ಒರಟಾಗುತ್ತದಾ? ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಇದಕ್ಕೆ ಮನೆಮಾತಿನಲ್ಲಿ ಬೇರೆ ಪದ ಕೇಳಿದ್ದರೆ ದಯವಿಟ್ಟು ಬರೆಯಿರಿ. ಪುಟ ಅಚ್ಚಿಗೆ ಹೋಗುವುದು ಮುಂದಿನ ಶುಕ್ರವಾರ.